ಅರವತ್ತೆರಡು ಪಾಠಗಳು

ಮೇಜಿನ ಕೆಳಗಿಂದ ಎರಡು ಕಾಲು ಮಾತ್ರ ಕಾಣುತ್ತಿದ್ದವು. ಹತ್ತನೇ ತರಗತಿಯ ಗೋಡೆಗೆ ಸ್ಮಾರ್ಟ್ ಬೋರ್ಡ್ ಬಂದು ಎರಡು ದಿನವಾಗಿತ್ತು. ನೆಲದ ತುಂಬ ವೈರು. ಸಹನ ಬಾಗಿಲಲ್ಲೇ ನಿಂತು ವಾಚು ನೋಡಿಕೊಂಡಳು.

"ಅಣ್ಣ, ಇನ್ನೆಷ್ಟೊತ್ತು? ನನ್ನ ಪೀರಿಯಡ್ ಶುರುವಾಗಿ ಆಗ್ಲೇ ಹತ್ತು ನಿಮಿಷ ಆಯ್ತು."

"ಐದೇ ನಿಮಿಷ ಮೇಡಂ," ಎಂದಿತು ಮೇಜಿನ ಕೆಳಗಿನ ದನಿ.

"ನಿಮ್ಮ ಕಂಪನಿಯವರಿಗೆ ಯಾವಾಗ್ಲೂ ಐದೇ ನಿಮಿಷ. ಭಾನುವಾರ ಬರೋಕೆ ಏನಾಗಿತ್ತು? ಹೋಗೋವಾಗ ಈ ಕಸಾನೂ ಗುಡಿಸಿ ಹೋಗಿ."

"ಆಗ್ಲಿ ಮೇಡಂ."

ಹೊರಗೆ ಬಂದವನ ಒಂದು ಹುಬ್ಬಿಗೆ ಜೇಡರ ಬಲೆ ಅಂಟಿತ್ತು. ಅವನು ಮೂಲೆಯ ಪೊರಕೆ ತೆಗೆದುಕೊಂಡು, ಮಕ್ಕಳೆಲ್ಲ ಬಾಯಿ ಮುಚ್ಚಿಕೊಂಡು ನಗುತ್ತಿರುವಾಗಲೇ, ನಿಧಾನವಾಗಿ ಕಸ ಗುಡಿಸಿ ಹೊರಟುಹೋದ. ಮಕ್ಕಳು ಯಾಕೆ ನಕ್ಕರೆಂದು ಸಹನಳಿಗೆ ಗೊತ್ತಾದದ್ದು ಮಧ್ಯಾಹ್ನ, ಸ್ಟಾಫ್ ರೂಮಿನಲ್ಲಿ.

"ನಾಗಾರ್ಜುನ ಅಂತ. ಕೆ.ಆರ್. ಪೇಟೆಯವ್ರು. ಮ್ಯಾಥ್ಸಿಗೆ ನಿನ್ನೆ, ನೀನ್ ರಜ ಇದ್ದಾಗ, ಬಂದು ಜಾಯಿನ್ ಆಗವ್ರೆ," ಎಂದರು ಹೆಡ್‌ಮಾಸ್ಟರ್ ಚಲುವಯ್ಯ.

ಸಹನಳ ಕೈಯಲ್ಲಿ ಟಿಫನ್ ಬಾಕ್ಸಿನ ಮುಚ್ಚಳ ಹಾಗೇ ನಿಂತಿತು. ಅವನು ನಮಸ್ಕರಿಸಿ, ಬಗ್ಗಿ, ಅವಳಿಗೆ ಮಾತ್ರ ಕೇಳುವಂತೆ ಕೇಳಿದ: "ಮೂಲೇಲಿ ಏನಾದ್ರೂ ಕಸ ಉಳಿದಿತ್ತಾ ಮೇಡಂ?"

ಗೊರವನಕೊಪ್ಪಲಿನ ಆ ಹೈಸ್ಕೂಲಿನಲ್ಲಿ ಸಹನ ವಿಜ್ಞಾನದ ಅತಿಥಿ ಶಿಕ್ಷಕಿ. ಅವಳಿಗದು ನಾಲ್ಕನೇ ವರ್ಷ. ಅತಿಥಿ ಎಂದ ಮೇಲೆ ಗೊತ್ತಲ್ಲ, ಪ್ರತಿ ಜೂನ್‌ನಲ್ಲೂ ಹೊಸದಾಗಿ ಕರೆಯಬೇಕು, ಕರೆಯದಿದ್ದರೆ ಇಲ್ಲ. ಪಾಂಡವಪುರದಿಂದ ಬೆಳಗಿನ ಬಸ್ಸು ಹತ್ತಿ, ಜಕ್ಕನಹಳ್ಳಿ ದಾಟಿ, ಕ್ರಾಸಿನಲ್ಲಿ ಇಳಿದು, ಒಂದೂವರೆ ಕಿಲೋಮೀಟರ್ ನಡೆದು ಬರುತ್ತಿದ್ದಳು. ಆ ನಡಿಗೆಯಲ್ಲೇ ಅವತ್ತಿನ ಪಾಠ ಅವಳ ತಲೆಯಲ್ಲಿ ತಯಾರಾಗುತ್ತಿತ್ತು. ಆವಿಯಾಗುವುದನ್ನು ಅವಳು ಆಲೆಮನೆಯ ಕೊಪ್ಪರಿಗೆಯಿಂದ ಹೇಳುತ್ತಿದ್ದಳು, ವಿದ್ಯುತ್ತಿನ ಒತ್ತಡವನ್ನು ನಾಲೆಯ ತೂಬಿನಿಂದ. ಪಕ್ಕದ ತರಗತಿಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ ನಾಗಾರ್ಜುನ ಒಂದು ದಿನ ಚಾಕ್‌ಪೀಸ್ ಹಿಡಿದೇ ಹೊರಗೆ ಬಂದು, ಕಿಟಕಿಯ ಬಳಿ ನಿಂತು, ತೂಬಿನ ಪಾಠವನ್ನು ಪೂರ್ತಿ ಕೇಳಿದ.

"ಇದನ್ನ ರೆಕಾರ್ಡ್ ಮಾಡ್ಬೇಕು ಮೇಡಂ," ಎಂದ. "ಮಕ್ಕಳು ಮನೆಗೆ ಹೋಗಿ ಇನ್ನೊಂದು ಸಲ ಕೇಳ್ಬೋದು."

ಶಾಲೆ ಬಿಟ್ಟ ಮೇಲಿನ ಒಂದು ಗಂಟೆ ಅವರದ್ದಾಯಿತು. ಅವನು ಸ್ಟ್ಯಾಂಡಿಗೆ ಫೋನ್ ಸಿಕ್ಕಿಸುತ್ತಿದ್ದ, ಅವಳ ದುಪಟ್ಟಕ್ಕೆ ಪುಟ್ಟ ಮೈಕು ಹಾಕಿಕೊಳ್ಳಲು ಕೊಟ್ಟು ಬೇರೆ ಕಡೆ ನೋಡುತ್ತಿದ್ದ. ಅವಳು ಮಾತಾಡುವಾಗ ಮಾತ್ರ ಫೋನಿನ ಸ್ಕ್ರೀನ್ ಬಿಟ್ಟು ಅವಳನ್ನೇ ನೋಡುತ್ತಿದ್ದ. ಪಾಠ ಮುಗಿದ ಕೂಡಲೇ ಮುಖ ಗಂಭೀರ ಮಾಡಿಕೊಂಡು, "ಸ್ವಲ್ಪ ಶೇಕ್ ಆಯ್ತು. ಇನ್ನೊಂದು ಸಲ," ಎನ್ನುತ್ತಿದ್ದ.

ನಾಲ್ಕನೇ ಸಲಕ್ಕೆ ಬಿಸಿಯೂಟದ ಮಂಚಮ್ಮ ಪಾತ್ರೆ ತೊಳೆಯುವುದು ಬಿಟ್ಟು ಬಾಗಿಲಿಗೆ ಬಂದಳು. "ಅದ್ಯಾಕ್ ಮೇಷ್ಟ್ರೆ, ಅವ್ವ ಒಂದ್ ಕಿತ ಯೋಳಿದ್ನ ನಾಕ್ ಕಿತ ಯೋಳುಸ್ತೀರಿ? ನಂಗೇ ಬಾಯಿಗ್ ಬಂದೋಯ್ತು ಬುಡಿ."

ಸಹನ ಫೋನ್ ಕಿತ್ತುಕೊಂಡು ನೋಡಿದಳು. ಮೊದಲನೆಯ ಸಲವೇ ಚೆನ್ನಾಗಿ ಬಂದಿತ್ತು. ಆಮೇಲಿನ ಮೂರು ಸಲ ಅವನು ರೆಕಾರ್ಡ್ ಬಟನ್ ಒತ್ತಿರಲೇ ಇಲ್ಲ.

"ನಿಮಗೆ ನಾಚಿಕೆ ಆಗಲ್ವಾ?"

"ಆಗುತ್ತೆ," ಎಂದ ಅವನು. ಹಾಗೆ ಹೇಳುವಾಗ ಅವನ ಕಿವಿ ಕೆಂಪಾಗಿದ್ದನ್ನು ಅವಳು ಬಸ್ಸಿನಲ್ಲಿ ಮನೆ ತಲುಪುವವರೆಗೂ ನೆನೆದಳು.

ಮಕ್ಕಳಿಗೆ ಅವನು ಇನ್ನೊಂದು ಆಟ ತಂದಿದ್ದ. ಒಬ್ಬೊಬ್ಬರಿಗೆ ಒಂದೊಂದು ರಟ್ಟಿನ ಕಾರ್ಡು, ನಾಲ್ಕು ಬದಿಗೆ ಎ, ಬಿ, ಸಿ, ಡಿ. ಬೋರ್ಡಿನಲ್ಲಿ ಪ್ರಶ್ನೆ ಬಂದಾಗ ತಮ್ಮ ಉತ್ತರ ಮೇಲೆ ಬರುವಂತೆ ಕಾರ್ಡು ಎತ್ತಿ ಹಿಡಿದರೆ ಅವನ ಫೋನು ಎಲ್ಲರದ್ದನ್ನೂ ಓದಿ ಯಾರು ಸರಿ, ಯಾರು ತಪ್ಪು ಎಂದು ಹೇಳಿಬಿಡುತ್ತಿತ್ತು. ಕೊನೇ ಬೆಂಚಿನ ತನುಶ್ರೀ ವರ್ಷದಲ್ಲಿ ಒಂದು ದಿನವೂ ಬಾಯಿ ಬಿಟ್ಟವಳಲ್ಲ. ಕಾರ್ಡು ಬಂದ ಮೇಲೆ ಎಲ್ಲ ಉತ್ತರವೂ ಸರಿ. ಅದನ್ನು ನೋಡಿ ಸಹನಳ ಕಣ್ಣು ತುಂಬಿ ಬಂತು. ಈ ಮನುಷ್ಯ ಒಳ್ಳೆಯವನು ಎಂದು ಅವತ್ತೇ ಅವಳು ತೀರ್ಮಾನ ಮಾಡಿಬಿಟ್ಟಳು.

ಒಂದು ಶುಕ್ರವಾರ ಖಾಲಿ ತರಗತಿಯಲ್ಲಿ ಅವಳು ಪುಸ್ತಕ ಜೋಡಿಸುತ್ತಿದ್ದಾಗ ಬೋರ್ಡು ಬೆಳಗಿತು.

'ಭಾನುವಾರ ಸಹನ ಮೇಡಂ ತೊಣ್ಣೂರು ಕೆರೆಗೆ ಬರುತ್ತಾರೆಯೇ? ಎ) ಹೌದು. ಬಿ) ಹೂಂ. ಸಿ) ಖಂಡಿತ. ಡಿ) ಮೇಲಿನ ಎಲ್ಲವೂ.'

ಅವನು ಹಿಂದಿನ ಬೆಂಚಿನಲ್ಲಿ ಕೂತು ಫೋನ್ ಅವಳ ಕಡೆ ಹಿಡಿದಿದ್ದ. ಅವಳು ಮೇಜಿನ ಮೇಲಿದ್ದ ಕಾರ್ಡನ್ನು ತೆಗೆದು, ಒಂದು ಸಲ ತಿರುಗಿಸಿ, ಇನ್ನೊಂದು ಸಲ ತಿರುಗಿಸಿ, ಅವನು ಉಸಿರು ಹಿಡಿದು ಕಾಯುವಷ್ಟು ಸತಾಯಿಸಿ, ಕೊನೆಗೆ ಎತ್ತಿ ಹಿಡಿದಳು. ಡಿ.

ನವೆಂಬರ್ ಹತ್ತೊಂಬತ್ತು. ಕೆರೆಯ ನೀರು ತಿಳಿಯಾಗಿತ್ತು. ಏರಿಯ ಮೇಲೆ ನಡೆಯುತ್ತ ನಾಗಾರ್ಜುನ ಅವಳ ಕೈ ಹಿಡಿದುಕೊಂಡ. ಬೇಕಾದರೆ ಬಿಡಿಸಿಕೊಳ್ಳಲಿ ಎನ್ನುವಷ್ಟು ಸಡಿಲವಾಗಿ ಹಿಡಿದಿದ್ದ. ಅವಳು ಬಿಡಿಸಿಕೊಳ್ಳಲಿಲ್ಲ.

"ಮಾರ್ಚ್ ಒಳಗೆ ಅಷ್ಟೂ ಪಾಠ ಮುಗಿಸಿಬಿಡು ಸಹನ," ಎಂದ. ಅವನ ಬಾಯಲ್ಲಿ 'ನೀವು' ಹೋಗಿ 'ನೀನು' ಬಂದದ್ದು ಅವತ್ತೇ.

"ಯಾಕಿಷ್ಟು ಅವಸರ?"

"ಈಗ ಕೇಳ್ಬೇಡ. ಮುಗಿದ ಮೇಲೆ ನಿಂಗೊಂದು ಮಾತು ಹೇಳೋದಿದೆ."

ಆ ಮಾತು ಏನಿರಬಹುದೆಂದು ತನಗೆ ಗೊತ್ತು ಅಂದುಕೊಂಡಳು. ಆಗ ಹತ್ತೊಂಬತ್ತು ಪಾಠ ಮುಗಿದಿದ್ದವು. ಆಮೇಲೆ ನಲವತ್ತಮೂರು ಮಾಡಿದಳು. ಫೆಬ್ರವರಿಯಲ್ಲಿ ಜ್ವರ ಬಂದು ಗಂಟಲು ಕಟ್ಟಿದಾಗ ಮಂಚಮ್ಮ ಕೊಟ್ಟ ಮೆಣಸಿನ ಕಷಾಯ ಕುಡಿದು, ಗೋಡೆಗೆ ಒರಗಿ, ಹೃದಯದ ನಾಲ್ಕು ಕೋಣೆಗಳ ಪಾಠ ಹೇಳಿದಳು. ಅವನು ಅವಳ ಹಣೆ ಮುಟ್ಟಿ ನೋಡಿ, "ನಾಳೆ ಮಾಡೋಣ ಬಿಡು," ಅಂದ. "ಇಲ್ಲ, ಇವತ್ತೇ," ಎಂದವಳು ಅವಳೇ. ಪ್ರೀತಿಯಲ್ಲಿರುವ ಹೆಣ್ಣಿಗೆ ಯಾರೂ ಅವಸರ ಮಾಡಬೇಕಾಗಿಲ್ಲ.

ಮಾರ್ಚ್ ಇಪ್ಪತ್ತೆಂಟಕ್ಕೆ ಅರವತ್ತೆರಡನೆಯ ಪಾಠ ಮುಗಿಯಿತು. ಅವನು ಪೇಡ ತಂದಿದ್ದ, ಆದರೆ ಹೇಳಬೇಕಾದ ಮಾತು ಹೇಳಲಿಲ್ಲ. "ರಜೆ ಕಳೀಲಿ," ಎಂದ.

ರಜೆ ಕಳೆಯಿತು. ಶಾಲೆ ತೆರೆದು ಹತ್ತು ದಿನವಾದರೂ ಸಹನಳಿಗೆ ಕರೆ ಬರಲಿಲ್ಲ. ಹನ್ನೊಂದನೆಯ ದಿನ ಅವಳೇ ಬಸ್ಸು ಹತ್ತಿ ಹೋದಳು.

ಚಲುವಯ್ಯ ಅವಳನ್ನು ಕೂರಿಸಿ, ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸಿದ್ದನ್ನೇ ಒರೆಸಿದರು.

"ಬೇಜಾರ್ ಮಾಡ್ಕಬ್ಯಾಡ ಕಣಮ್ಮ. ಈ ಸಾರಿ ಗೆಸ್ಟ್ ಟೀಚರು ನಮ್ಗೆ ಒಬ್ರೇ ಅಂತ ಬಿಇಒ ಆಫೀಸಲ್ಲಿ ಅಂದ್ಬುಟ್ರು. ಇಂಗ್ಲಿಷ್ ಮಾಡೋರಿಲ್ದೆ ಎರಡು ವರ್ಷ ಆಯ್ತಲ್ಲ, ಅದ್ಕೇ ಕೇಳಿದ್ವಿ. ಸೈನ್ಸಿಗೆ ಯೆಂಗೂ ನಿನ್ ವೀಡಿಯೋ ಅವಲ್ಲ."

"ವೀಡಿಯೋ ಇದ್ರೆ ಸಾಕು ಅಂದಿದ್ದು ಯಾರು ಸರ್?"

ಚಲುವಯ್ಯ ಫೈಲು ತೆರೆದು ಅವಳ ಮುಂದೆ ಸರಿಸಿ, ತಾವು ಎದ್ದು ಕಿಟಕಿಯ ಹತ್ತಿರ ಹೋದರು.

'ವಿಜ್ಞಾನ ವಿಷಯದ ಎಲ್ಲ ಪಾಠಗಳ ಚಿತ್ರೀಕರಣ ಮಾರ್ಚ್ ಅಂತ್ಯಕ್ಕೆ ಪೂರ್ಣಗೊಳ್ಳಲಿದ್ದು, ಮುಂದಿನ ಸಾಲಿನಿಂದ ಸದರಿ ವಿಷಯಕ್ಕೆ ಅತಿಥಿ ಶಿಕ್ಷಕರ ಅವಶ್ಯಕತೆ ಇರುವುದಿಲ್ಲ.' ಕೆಳಗೆ ವೀಡಿಯೋ ಪಾಠ ಯೋಜನೆಯ ಸಂಯೋಜಕ ಎಂದು ನಾಗಾರ್ಜುನನ ಸಹಿ. ಆ ಉದ್ದನೆಯ 'ನ' ಅವಳಿಗೆ ಚೆನ್ನಾಗಿ ಗೊತ್ತು. ಸಹಿಯ ಪಕ್ಕದಲ್ಲಿ ತಾರೀಕು: ನವೆಂಬರ್ ಹದಿನೆಂಟು.

ಅವಳು ಅದನ್ನು ಮೂರು ಸಲ ಓದಿದಳು. ಅದು ಅವರು ಕೆರೆಗೆ ಹೋದದ್ದರ ಹಿಂದಿನ ದಿನ.

ಹತ್ತನೇ ತರಗತಿಯ ಬಾಗಿಲಿಗೆ ಬಂದಾಗ ಒಳಗೆ ಅವಳೇ ಮಾತಾಡುತ್ತಿದ್ದಳು. ಬೋರ್ಡಿನ ತುಂಬ ಅವಳ ಮುಖ, ಹಳದಿ ಚೂಡಿದಾರ್. ಕೈಯಲ್ಲೊಂದು ಬಟ್ಟಲು, ಬಟ್ಟಲಲ್ಲೊಂದು ನಾಣ್ಯ. "ನೀರು ಹಾಕಿದ ಮೇಲೆ ನಾಣ್ಯ ಎಲ್ಲಿ ಕಾಣ್ತು? ಇರೋ ಜಾಗಕ್ಕಿಂತ ಮೇಲೆ!" ಎಂದು ಆ ಸಹನ ನಗುತ್ತಿದ್ದಳು. ಹೇಗೆ ನಗುತ್ತಿದ್ದಳು! ಅವತ್ತು ಫೋನಿನ ಹಿಂದೆ ನಿಂತಿದ್ದವನಿಗಾಗಿ ನಕ್ಕ ನಗು ಅದು.

"ಮಿಸ್ ಬಂದ್ರು!" ಎಂದು ಯಾರೋ ಕೂಗಿದರು. ಮಕ್ಕಳು ಒಮ್ಮೆ ಅವಳನ್ನು ನೋಡಿದರು, ಒಮ್ಮೆ ಬೋರ್ಡು ನೋಡಿದರು. ಮುಂದಿನ ಬೆಂಚಿನ ಹುಡುಗಿ ಮುಗ್ಧವಾಗಿ ಹೇಳಿದಳು: "ನೀವು ಬರಲ್ಲ ಅಂದ್ರು ಮಿಸ್. ಪರ್ವಾಗಿಲ್ಲ, ಇಲ್ಲೇ ಇದೀರಲ್ಲ. ಅರ್ಥ ಆಗ್ದಿದ್ರೆ ಹಿಂದಕ್ಕೂ ಹಾಕ್ಬೋದು."

ನಾಗಾರ್ಜುನ ಹೊರಗೆ ಬಂದ. ಮುಖದಲ್ಲಿ ನಿಜವಾದ ಸಂತೋಷವೇ ಇತ್ತು. "ಬಂದ್ಯಾ! ಸಂಜೆ ನಾನೇ ಫೋನ್ ಮಾಡೋನಿದ್ದೆ. ಬಾ, ಆ ಕಡೆ ಮಾತಾಡೋಣ."

ಇಬ್ಬರೂ ಅಂಗಳ ದಾಟಿ ಹೊಂಗೆ ಮರದವರೆಗೆ ನಡೆದರು.

"ಹದಿನೆಂಟಕ್ಕೆ ಆ ಪತ್ರ ಬರೆದ್ರಿ," ಎಂದಳು ಸಹನ. "ಹತ್ತೊಂಬತ್ತಕ್ಕೆ ನನ್ನ ಕೈ ಹಿಡ್ಕೊಂಡ್ರಿ."

ಅವನು ಕಷ್ಟದ ಲೆಕ್ಕವನ್ನು ಮಕ್ಕಳಿಗೆ ಬಿಡಿಸಿ ಹೇಳುವ ತಾಳ್ಮೆಯಲ್ಲಿ ಶುರುಮಾಡಿದ. "ಎರಡನ್ನೂ ಹಾಗೆ ಜೋಡಿಸ್ಬೇಡ. ನಮ್ಮಮ್ಮ ಒಂದೇ ಮಾತು ಅಂದಿದ್ದು, ಬರೋ ಸೊಸೆ ಬಸ್ಸಿಗೆ ಕಾಯ್ಕೊಂಡು ಗೆಸ್ಟ್ ಟೀಚರ್ ಕೆಲ್ಸಕ್ಕೆ ಹೋಗೋದು ಬೇಡ ಅಂತ. ನೀನು ಈ ಮಕ್ಕಳನ್ನ ಬಿಟ್ಟು ಬರಲ್ಲ ಅಂತ ನಂಗೊತ್ತು. ಅದಕ್ಕೇ ಮೊದ್ಲು ಪಾಠ ಎಲ್ಲ ಉಳಿಸಿಟ್ಟೆ. ಈಗ ಮಕ್ಕಳಿಗೂ ನಷ್ಟ ಇಲ್ಲ, ನಮಗೂ ತೊಂದರೆ ಇಲ್ಲ. ಇನ್ನೊಂದು ಗೊತ್ತಾ? ಈ ಪ್ರಾಜೆಕ್ಟ್ ನೋಡಿ ಇಡೀ ತಾಲ್ಲೂಕಿನ ಮೇಷ್ಟ್ರುಗಳಿಗೆ ಟ್ರೇನಿಂಗ್ ಕೊಡೋಕೆ ನನ್ನನ್ನೇ ತಗೊಂಡವ್ರೆ."

"ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ."

ಅವನು ಸುಳ್ಳು ಹೇಳಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಅವನ ಕಣ್ಣಿನಲ್ಲಿ ಮೋಸವಿರಲಿಲ್ಲ. ಪ್ರೀತಿ ಇತ್ತು, ತಾನು ಮಾಡಿದ್ದು ಸರಿ ಎಂಬ ನೆಮ್ಮದಿಯೂ ಇತ್ತು.

"ನಂಗೆ ನೀವು ಅಂದ್ರೆ ಇಷ್ಟ," ಎಂದಳು ಸಹನ. ಇಷ್ಟು ದಿನ ಬಾಯಿಬಿಟ್ಟು ಹೇಳಿರಲಿಲ್ಲ. "ಬೆಳಗ್ಗೆ ಬಸ್ಸಲ್ಲಿ ಬರೋವಾಗ್ಲೂ ಅದನ್ನೇ ಹೇಳ್ಬೇಕು ಅನ್ಕೊಂಡು ಬಂದೆ. ಆ ಪತ್ರ ಓದಿದ ಮೇಲೂ ಹಾಳಾದ್ದು ಹೋಗ್ತಿಲ್ಲ."

ಅವನ ಮುಖ ಅರಳಿತು. "ಮತ್ತೆ ಇನ್ನೇನು? ಈ ಭಾನುವಾರ ಅಮ್ಮನ್ನ ಕರ್ಕೊಂಡು—"

"ಸಾರ್!" ತರಗತಿಯಿಂದ ನಾಲ್ಕೈದು ದನಿ ಒಟ್ಟಿಗೆ ಬಂದವು. "ಸಾರ್, ಮಿಸ್ ನಿಂತೋದ್ರು!"

ಬೋರ್ಡಿಗೆ ಇಂಟರ್ನೆಟ್ಟು ಅವನ ಜೇಬಿನ ಫೋನಿನಿಂದ ಹೋಗುತ್ತಿತ್ತು. ಹೊಂಗೆ ಮರದವರೆಗೆ ಬಂದದ್ದು ದೂರವಾಗಿ, ಅಲ್ಲಿ ಅವಳ ಪಾಠ ನಡುವೆಯೇ ನಿಂತಿತ್ತು.

"ಒಂದ್ನಿಮಿಷ. ಇಲ್ಲೇ ಇರು," ಎಂದು ಅವನು ಓಡಿದ.

ಅವಳು ಇದ್ದಳು. ಆ ಬೋರ್ಡು ಆರಿಸಿ ಅವನು, 'ಹೊರಗೆ ನಿಮ್ಮ ಮೇಡಂ ನಿಂತವ್ರೆ, ಹೋಗಿ ಒಳಗೆ ಕರ್ಕೊಂಡು ಬನ್ನಿ' ಎಂದು ಮಕ್ಕಳಿಗೆ ಹೇಳಿದ್ದರೆ, ಅಷ್ಟಕ್ಕೇ ಅವಳು ಎಲ್ಲವನ್ನೂ ಕ್ಷಮಿಸಿಬಿಡುತ್ತಿದ್ದಳು. ಅಷ್ಟು ಅಗ್ಗವಾಗಿದ್ದೇನೆ ಎಂದು ತನಗೇ ನಾಚಿಕೆಯಾಯಿತು.

ಒಳಗೆ ಅವಳದೇ ದನಿ ಮತ್ತೆ ಶುರುವಾಯಿತು.

ಅದರ ಮಧ್ಯೆ ಇನ್ನೊಂದು ದನಿ ಕೇಳಿತು, ಸಣ್ಣದು, ನಡುಗುವಂಥದ್ದು. ತನುಶ್ರೀ. ಕಾಯಿಲೆಯಿಂದ ಹತ್ತನೇ ಕ್ಲಾಸಿನ ಪರೀಕ್ಷೆ ಬರೆಯಲಾಗದೆ ಈ ವರ್ಷವೂ ಅದೇ ಬೆಂಚಿನಲ್ಲಿ ಕೂತಿದ್ದಳು. "ಸಾರ್, ನಮಗೆ ನೀರಲ್ಲಿರೋದು ಮೇಲೆ ಕಾಣುತ್ತೆ ಅಂದ್ರೆ... ನೀರೊಳಗಿರೋ ಮೀನಿಗೆ ನಾವು ಯೆಂಗ್ ಕಾಣ್ತೀವಿ?"

ಸಹನಳನ್ನು ನಾಲ್ಕು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಅದೂ ಆ ಹುಡುಗಿಯ ಬಾಯಿಂದ.

"ಡೌಟು ಆಮೇಲೆ," ಎಂದ ನಾಗಾರ್ಜುನ. "ಮೊದ್ಲು ಮೇಡಂ ಹೇಳೋದನ್ನ ಪೂರ್ತಿ ಕೇಳಿ."

ಉತ್ತರ ಸಹನಳಿಗೆ ಗೊತ್ತಿತ್ತು. ಇರುವುದಕ್ಕಿಂತ ದೂರದಲ್ಲಿ, ಇರುವುದಕ್ಕಿಂತ ಎತ್ತರದಲ್ಲಿ ಕಾಣುತ್ತೇವೆ. ಬಾಗಿಲಿಗೆ ಹೋಗಿ ಒಂದು ಮಾತು ಹೇಳಿದರೆ ಸಾಕಿತ್ತು. ಎರಡು ಹೆಜ್ಜೆ ಇಟ್ಟಳು ಕೂಡ. ಆಮೇಲೆ ತಿರುಗಿ ಗೇಟಿನ ಕಡೆ ನಡೆದಳು. ಆ ಮಗುವಿಗೆ ತಾನು ಮಾಡಿದ ಅನ್ಯಾಯ ಅದೊಂದೇ ಎಂದು ಅವಳು ಮುಂದೆ ಎಷ್ಟೋ ದಿನ ಸಂಕಟಪಟ್ಟಳು.

"ಉಂಡ್ಕಂಡ್ ಓಗವ್ವ, ಅನ್ನ ಆಯ್ತು," ಎಂದು ಮಂಚಮ್ಮ ಕೂಗಿದ್ದಕ್ಕೂ ನಿಲ್ಲಲಿಲ್ಲ. ಬಸ್ಸಿನಲ್ಲಿ ಕೂತಾಗ ಅವನ ಮೆಸೇಜು ಬಂತು: 'ಎಲ್ಲಿ ಹೋದೆ? ಪೀರಿಯಡ್ ಮುಗಿಸಿ ಬರ್ತೀನಿ.'

ಭಾನುವಾರ ಅವನು ನಿಜಕ್ಕೂ ಬಂದ, ತಾಯಿಯನ್ನೂ ಕರೆದುಕೊಂಡು. ಸಹನಳ ಅಪ್ಪ ದೇವರಾಜು ಹೊಸ ಚಾಪೆ ಹಾಸಿದರು. ಸಹನ ಕಾಫಿ ತಂದಿಟ್ಟು, ನಾಗಾರ್ಜುನನ ಮುಖ ನೋಡಿಯೇ ಹೇಳಿದಳು: "ನಂಗೆ ಒಪ್ಪಿಗೆ ಇಲ್ಲ."

"ಕೆಲ್ಸಾನೂ ಓಯ್ತಂತೆ," ಎಂದರು ಅವನ ತಾಯಿ, ಲೋಟ ಕೆಳಗಿಟ್ಟು. "ಇನ್ಯಾತಕ್ಕವ್ವ ಈ ಜಂಬ?"

ದೇವರಾಜು ಮಗಳ ಮುಖ ನೋಡಿದರು, ಆಮೇಲೆ ತಮ್ಮ ಕಾಲು ನೋಡಿಕೊಂಡರು.

ತಾಯಿಯನ್ನು ಕಾರಿನಲ್ಲಿ ಕೂರಿಸಿ ನಾಗಾರ್ಜುನ ಒಬ್ಬನೇ ಗೇಟಿಗೆ ವಾಪಸು ಬಂದ. ಕಣ್ಣು ಒದ್ದೆಯಾಗಿತ್ತು. ಅವಳ ಕಣ್ಣೂ ಒದ್ದೆಯಾಗಿತ್ತು. ಗೇಟಿನ ಕಂಬಿಯ ಮೇಲೆ ಅವನ ಬೆರಳು ಅವಳ ಬೆರಳಿಗೆ ತಾಗಿತು, ಇಬ್ಬರೂ ತೆಗೆಯಲಿಲ್ಲ.

"ನಿನ್ನ ಬಿಟ್ಟು ಇರೋಕಾಗಲ್ಲ ಸಹನ. ಒಂದು ಸಲ ಯೋಚನೆ ಮಾಡು. ನಾನು ಏನು ಮಾಡ್ಬೇಕು, ಹೇಳು."

"ತನುಶ್ರೀ ಡೌಟಿಗೆ ಉತ್ತರ ಹೇಳಿದ್ರಾ?"

ಅವನು ಹುಬ್ಬು ಗಂಟಿಕ್ಕಿದ. ಪ್ರಾಮಾಣಿಕವಾಗಿಯೇ ನೆನಪು ಮಾಡಿಕೊಳ್ಳಲು ನೋಡಿದ.

"ಯಾವ ಡೌಟು?"

ಸಹನ ಕೈ ತೆಗೆದು, ಗೇಟಿನ ಚಿಲಕ ಹಾಕಿದಳು.