ಸುಟ್ಟ ಮನೆಯಲ್ಲಿ ಎಳೆದ ಗೀಟು

"ನೀವ್ಯಾಕೆ ಬಂದ್ರಿ?"

ಬಾಗಿಲು ಸುಟ್ಟುಹೋಗಿದ್ದ ಹೊಸ್ತಿಲಲ್ಲಿ ಗಂಡ ನಿಂತಿದ್ದ. ಅಂದು ಜಗಳವಾಡಿ ಉಟ್ಟ ಬಟ್ಟೆಯಲ್ಲೇ ಹೊರಟುಹೋದವನು! ಅವಳಿಗೆ ಕೋಪ ಬರಬೇಕಿತ್ತು, ಬರಲಿಲ್ಲ. ಮನೆ ಸುಟ್ಟಾಗಿನಿಂದ ಅಳುವೂ ಬಂದಿರಲಿಲ್ಲ...

"ಸುದ್ದಿ ಕೇಳಿ ಜೀವ ಬಾಯಿಗೆ ಬಂತು ಕಣೇ. ನಿನಗೇನೂ ಆಗಿಲ್ವಲ್ಲ?"

"ನಾನು ಅಂಗಡಿಲಿದ್ದೆ. ಈಗ ಕಸದ ಗಾಡಿ ಬರುತ್ತೆ. ಗೀಟು ಹಾಕಿದ್ದೀನಿ, ನೋಡ್ಕೊಂಡು ಎತ್ತಿ."

ಅವಳು ಟೈಲರ್. ಬೆಳಗ್ಗೆಯಿಂದ ಅವಳ ಕೈ ತನ್ನ ಪಾಡಿಗೆ ತಾನು ಮಸಿ ಹಿಡಿದ ಸಾಮಾನುಗಳ ಮೇಲೆ ಚಾಕ್‌ನಿಂದ ಗೀಟು ಎಳೆದಿತ್ತು. ಯಾವ್ಯಾವುದರ ಮೇಲೆ ಎಳೆದೆ ಎಂದು ಕೇಳಿದರೆ ಹೇಳಲು ಅವಳಿಗೇ ಗೊತ್ತಿರಲಿಲ್ಲ.

ಬಡಗಿ ಕೆಲಸದ ಗಂಡ ಒಳಗೆ ಹೋದ. ತನ್ನ ರೇಡಿಯೋ, ಕಿವಿ ಮುರಿದ ಮಗ್ಗು, ಹಿಡಿ ಸುಟ್ಟ ಉಳಿ... ಎಲ್ಲದರ ಮೇಲೂ ಗೀಟು! ಮುಖ ಸಪ್ಪೆಯಾಯಿತು. ಒಂದೊಂದನ್ನೇ ರಸ್ತೆ ಬದಿಗೆ ಹೊತ್ತು ಹಾಕಿದ. ಕೊನೆಗೆ ಬೆಂಕಿ ಆರಿಸಿದ ನೀರಿಗೆ ಒದ್ದೆಯಾದ ತನ್ನ ಸ್ವೆಟರ್ ಹಿಡಿದು ಬಂದಾಗ ಅವಳು ತಲೆ ಎತ್ತಿದಳು.

"ಅದನ್ನೆಲ್ಲಿಗೆ ತಗೊಂಡು ಹೋಗ್ತಿದ್ದೀರಿ?"

"ಕಸಕ್ಕೆ. ನನ್ನದೊಂದನ್ನೂ ನೀನು ಬಿಟ್ಟಿಲ್ವಲ್ಲ... ಇರಲಿ, ತಪ್ಪು ನಂದೇ."

"ಅಯ್ಯೋ! ಗೀಟು ಹಾಕಿರೋದು ಇಟ್ಕೊಳ್ಳೋಕೆ ರೀ!"

"ಗೀಟು ಹಾಕಿದ್ದನ್ನ ನಾವು ಬಡಗಿಗಳು ಕೊಯ್ದು ಬಿಸಾಕ್ತೀವಿ!"

"ಗೀಟು ಹಾಕಿದ್ದನ್ನ ನಾವು ಟೈಲರ್‌ಗಳು ಹೊಲಿತೀವಿ!"

ಅಷ್ಟರಲ್ಲಿ ಗಾಡಿಯ ಸದ್ದು. ಅವಳು ಬಿದ್ದಂಬೀಳ ಓಡಿದಳು. ಗುಡ್ಡೆಗೆ ಅಡ್ಡ ನಿಂತು, "ಇದನ್ನ ಮುಟ್ಟಬೇಡಿ!" ಎಂದು ಕೂಗಿದಳು. ಗಾಡಿ ಮುಂದೆ ಹೋಯಿತು.

ಹಿಂದೆಯೇ ಬಂದ ಗಂಡ ಮೆಲ್ಲಗೆ ಹೇಳಿದ, "ಇದರಲ್ಲಿ ನಿನ್ನದೊಂದೂ ಇಲ್ವಲ್ಲೇ. ನಿನ್ನ ಹೊಲಿಗೆ ಮಿಷಿನ್ ಮೇಲೂ ಗೀಟಿಲ್ಲ. ನೋಡಿದೆ."

ಅವಳು ಗುಡ್ಡೆ ನೋಡಿದಳು. ಹೌದು... ಎಲ್ಲವೂ ಅವನದೇ. ತಡೆದಿದ್ದ ಅಳು ಆಗ ಒಮ್ಮೆಲೇ ಬಂತು.

"ಹೋಗಿ ಅಂದ ತಕ್ಷಣ ಹೊರಟೇಬಿಡೋದಾ? ನಿಮ್ಮ ಸಾಮಾನೂ ಬೇಡವಾಯ್ತಲ್ಲ ಅಂತ ಎಷ್ಟು ಸಂಕಟಪಟ್ಟೆ ಗೊತ್ತಾ?"

"ಬೇಡ ಅಂತಲ್ಲ ಕಣೇ... ವಾಪಸ್ ಬರೋಕೆ ಒಂದು ನೆಪ ಇರಲಿ ಅಂತ ಬಿಟ್ಟುಹೋದೆ."

ಅವಳು ಮೂಗೊರೆಸಿಕೊಂಡು, ಅವನ ಅಂಗಿಯ ಜೇಬಿನ ಮೇಲೆ ಒಂದು ಗೀಟೆಳೆದಳು.

"ಇದು ಬಡಗಿ ಗೀಟೋ, ಟೈಲರ್ ಗೀಟೋ?"

"ಸಾಕು ಸುಮ್ನಿರಿ... ಮೊದಲು ಆ ರೇಡಿಯೋ ಒಳಗೆ ತನ್ನಿ."