ಕರಿಗೇರಿನ ಗುರುತು

ಬಹಳ ಹಿಂದೆ, ಏಳು ಹೊಳೆ ದಾಟಿದರೆ ಸಿಗುವ ಒಂದು ರಾಜ್ಯದಲ್ಲಿ ದುಂಡವ್ವ ಎಂಬ ಮಡಿವಾಳಗಿತ್ತಿ ಇದ್ದಳು. ಅರಮನೆಯ ಬಟ್ಟೆಯನ್ನೂ ಕೆಳಗೇರಿಯ ಬಟ್ಟೆಯನ್ನೂ ಅವಳೇ ಒಗೆಯುತ್ತಿದ್ದಳು. ಅದಲುಬದಲಾಗದಿರಲೆಂದು ಒಂದೊಂದು ಮನೆಯ ಬಟ್ಟೆಗೆ ಒಗೆದರೂ ಹೋಗದ ಕರಿಗೇರು ಕಾಯಿಯ ರಸದಲ್ಲಿ ಒಂದೊಂದು ಗುರುತು ಹಾಕುತ್ತಿದ್ದಳು.

ಒಂದು ವರ್ಷ ಕೆರೆ ಉಕ್ಕಿತು. ರಾಜನ ಹೂದೋಟ ಉಳಿಸಲು ಮಾಂತ್ರಿಕನೊಬ್ಬ ತೂಬೆತ್ತಿ ನೀರನ್ನೆಲ್ಲ ಕೆಳಗೇರಿಗೆ ನುಗ್ಗಿಸಿದ. ಮನೆಗಳು ಕೊಚ್ಚಿಹೋದವು. ನ್ಯಾಯ ಕೇಳಲು ಬಂದವರನ್ನೆಲ್ಲ ಅವನು ಕೊಕ್ಕರೆಗಳನ್ನಾಗಿ ಮಾಡಿ, "ಅಲ್ಲಿ ಜನರೇ ಇರಲಿಲ್ಲ, ಬರೀ ಹಕ್ಕಿಗಳು" ಎಂದ. ದುಂಡವ್ವನ ಮಗಳು ಸಂಗಿಯೂ ಅವರಲ್ಲಿದ್ದಳು.

ದೂರದ ಮಡುವಿನಿಂದ ಒಗೆದ ಗಂಟು ಹೊತ್ತು ಬಂದ ದುಂಡವ್ವ, ಬರಿದಾದ ಕೇರಿಯನ್ನೂ, ತನ್ನ ಗಂಟನ್ನೇ ದಿಟ್ಟಿಸುತ್ತ ನಿಂತ ಕೊಕ್ಕರೆಗಳನ್ನೂ ನೋಡಿದಳು. ನೇರ ಅರಮನೆಯ ಅಂಗಳಕ್ಕೆ ನಡೆದು ಬಟ್ಟೆಗಳನ್ನು ಸಾಲಾಗಿ ಹಾಸಿದಳು. ಕೊಕ್ಕರೆಗಳು ಹಾರಿಬಂದು ತಮ್ಮ ತಮ್ಮ ಬಟ್ಟೆಯ ಪಕ್ಕ ಸುಮ್ಮನೆ ನಿಂತವು.

"ಏನಮ್ಮಾ ಈ ಸಂತೆ?" ಎಂದ ರಾಜ.

"ಸಂತೆಯಲ್ಲ ಮಹಾಸ್ವಾಮಿ, ನಿಮ್ಮ ಪ್ರಜೆಗಳು. ತೂಬು ಎತ್ತಿಸಿದ್ದು ಯಾಕೆ ಅಂತ ಕೇಳ್ತಿದ್ದಾರೆ. ಉತ್ತರ ಕೊಡೋವರೆಗೂ ಕದಲೋದಿಲ್ಲ."

ಮಾಂತ್ರಿಕ ಮಳೆ ಸುರಿಸಿದ. ಗುರುತು ಅಳಿಯಲಿಲ್ಲ.

ಮಾಂತ್ರಿಕ ಗಾಳಿ ಎಬ್ಬಿಸಿದ. ಅಡುಗೆಯವರು, ಕಾವಲಿನವರು, ಮೇಲುಗೇರಿಯವರು ಓಡಿಬಂದು ಬಟ್ಟೆಯ ಅಂಚು ಹಿಡಿದು ಕುಳಿತರು.

ಮೂರನೆಯ ಸಲ ಅವನು ಬೆಣ್ಣೆಯಂತೆ ಮಾತಾಡಿದ. "ಮಗಳಿಗೆ ಅವಳ ಸೀರೆ ಹೊದಿಸಿ ಹೆಸರು ಹಿಡಿದು ಕರಿ, ಮನುಷ್ಯಳಾಗ್ತಾಳೆ. ಅವಳೊಬ್ಬಳನ್ನು ಕರಕೊಂಡು ಹೋಗಿಬಿಡು ದುಂಡವ್ವಾ."

ದುಂಡವ್ವ ಮಗಳ ಸೀರೆಯತ್ತ ಒಂದು ಹೆಜ್ಜೆ ಇಟ್ಟಳು. ಆದರೆ ಅಲ್ಲೇ ನಿಂತು, ಬಟ್ಟೆ ಹಿಡಿದು ಕುಳಿತವರತ್ತ ತಿರುಗಿ ಕೂಗಿದಳು: "ಕೇಳಿದಿರಾ? ಹೊದಿಸಿ, ಕರೀರಿ! ಮೂರು ಚುಕ್ಕೆ ಇರೋದು ಕುಂಬಾರ ಈರಣ್ಣಂದು! ಅಡ್ಡಗೀಟು ಇರೋದು ಗೌರಜ್ಜಿದು!"

ಒಬ್ಬೊಬ್ಬರಾಗಿ ಜನ ಎದ್ದು ನಿಂತರು. ಗೌರಜ್ಜಿ ಕೈ ತಡವಿಕೊಂಡು, "ಹೊಟ್ಟೆ ತುಂಬ ಮೀನು ತಿನ್ನಿಸಿದ್ಯಲ್ಲೋ ಪಾಪಿ" ಎಂದು ಮಾಂತ್ರಿಕನನ್ನು ಬೈದಳು.

ಕೊನೆಗೆ ಒಂದೇ ಕೊಕ್ಕರೆ ಉಳಿಯಿತು. ಅದರ ಸೀರೆಗೆ ಗುರುತೇ ಇಲ್ಲ. ಊರಿನ ಬಟ್ಟೆಗೆಲ್ಲ ಗುರುತು ಹಾಕಿದವಳು ತನ್ನ ಮನೆಯದಕ್ಕೆ ಹಾಕಿರಲಿಲ್ಲ.

"ನೋಡಿ, ಇದು ಯಾರೂ ಅಲ್ಲ!" ಎಂದು ಮಾಂತ್ರಿಕ ನಕ್ಕ.

ದುಂಡವ್ವ ಸೀರೆ ಹೊದಿಸಿದಳು. ಅವಳು ಬಾಯಿ ತೆರೆಯುವ ಮೊದಲೇ ಮೇಲುಗೇರಿ, ಕೆಳಗೇರಿ ಎರಡೂ ಒಂದೇ ದನಿಯಲ್ಲಿ ಕರೆದವು: "ಬಾರೇ ಸಂಗೀ!"

ಸಂಗಿ ಅವ್ವನ ತೋಳಿಗೆ ಬಿದ್ದಳು. ಮಾಟ ತಿರುಗಿ ಮಾಂತ್ರಿಕನಿಗೇ ಬಡಿದು ಅವನೇ ಕೊಕ್ಕರೆಯಾದ. ಅವನ ಹೆಸರು ಯಾರಿಗೂ ಗೊತ್ತಿರಲಿಲ್ಲ, ಕರೆಯುವವರಾದರೂ ಯಾರು?

"ತೂಬು ಎತ್ತಿಸಿದವನು ನಾನೇ, ನನ್ನ ಹೂವಿಗಾಗಿ" ಎಂದು ರಾಜ ತಲೆ ತಗ್ಗಿಸಿದ. ಹೂದೋಟದ ನೆಲದಲ್ಲೇ ಕೆಳಗೇರಿಯವರಿಗೆ ಮನೆಗಳೆದ್ದವು. ಅಲ್ಲಿ ಎಲ್ಲರೂ ಉಂಡುಟ್ಟು ಸುಖವಾಗಿದ್ದರು. ದುಂಡವ್ವ ತನ್ನ ಮನೆಯ ಬಟ್ಟೆಗೂ ಒಂದು ಗುರುತು ಹಾಕತೊಡಗಿದಳು: ಪುಟ್ಟದೊಂದು ಕೊಕ್ಕರೆಯ ಹೆಜ್ಜೆ.