ಬಿಸಿನೀರಿನ ಇಂಜಿನಿಯರ್

“ಕೈ ಹಿಂದೆ ತಗೊಳ್ಳಿ! ಹೊಗೆಯ ವಾಲ್ವ್ ತಿರುಗಿಸಿದ್ದು ನೀವೇ ತಾನೇ?”

ಸಂಶೋಧಕಿಯ ಕೂಗಿಗೆ ಬಾಯ್ಲರ್ ಇಂಜಿನಿಯರ್ ಬೆಚ್ಚಿಬಿದ್ದ.

“ಮುಟ್ಟೇ ಇಲ್ಲ ಮೇಡಂ... ಬಗ್ಗಿ ನೋಡ್ತಿದ್ದೆ ಅಷ್ಟೇ.”

“ನೀವು ನೋಡೋಕೆ ಬಂದಾಗಲೆಲ್ಲ ಮೀಟರ್ ಏರುತ್ತೆ!”

ಹೊಗೆಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರುವ ಪುಡಿ ಅವಳದು. ಪುಡಿ ಹೀರದೆ ಬಿಟ್ಟದ್ದೆಷ್ಟು ಎಂದು ಮೀಟರ್ ತೋರಿಸುತ್ತದೆ. ಹೀರಿಸುವುದು ಸುಲಭ. ಹೀರಿದ್ದನ್ನು ಬಿಡಿಸಿ ಪುಡಿಯನ್ನು ಮತ್ತೆ ಬಳಸಬೇಕಾದರೆ ಕಾಯಿಸಬೇಕು. ಖರ್ಚೆಲ್ಲ ಆ ಶಾಖಕ್ಕೇ. ಪಕ್ಕದ ಕಾರ್ಖಾನೆ ಚರಂಡಿಗೆ ಚೆಲ್ಲುವ ಬಿಸಿನೀರೇ ಸಾಕಾದರೆ? ಆ ನೀರನ್ನು ಕೊಳವೆಯಲ್ಲಿ ತಂದುಕೊಟ್ಟವನು ಅಲ್ಲಿನ ಇಂಜಿನಿಯರಾದ ಇವನೇ.

ಅದರಲ್ಲಿ ಕಾಯಿಸಿದ ಪುಡಿ ಮತ್ತೆ ಸರಿಯಾಗಿ ಹೀರುತ್ತದೆಂದು ಇಂದು ಸಂಜೆ ಪರೀಕ್ಷಕರಿಗೆ ತೋರಿಸಬೇಕು. ಇಲ್ಲದಿದ್ದರೆ ಅವಳ ಸಂಶೋಧನೆಗೆ ಬೀಗ!

‘ಇಷ್ಟೆಲ್ಲ ಮಾಡಿದ್ದು ನಂಬಿಸಿ ಕತ್ತು ಕೊಯ್ಯೋಕಾ?’ ಅವಳು ವಾಲ್ವಿಗೆ ಅಡ್ಡ ನಿಂತಳು.

“ಸರಿ, ಆಚೆ ಹೋಗ್ತೀನಿ. ಮೀಟರ್ ನೋಡಿ ಹೇಳಿ.”

ಅವನು ಬಾಗಿಲಾಚೆ ನಿಂತ. ಅಂಕಿ ಇಳಿಯಿತು!

“ಕಳ್ಳ ಸಿಕ್ಕಿಬಿದ್ದ!”

“ಹೋಗುವಾಗ ನಾನು ಏನಾದ್ರೂ ಮುಟ್ಟಿದ್ನಾ?”

ಇಲ್ಲ. ಅವಳೇ ಕಣ್ಣಿಟ್ಟು ನೋಡಿದ್ದಳು. ಹಾಗಾದರೆ ಇವನು ಬರುವಾಗ ಏನು ತರುತ್ತಾನೆ? ಹೋಗುವಾಗ ಏನು ಒಯ್ಯುತ್ತಾನೆ?

ಸಿಟ್ಟನ್ನು ಸರಿಸಿ ಕುತೂಹಲ ಬಂದು ಕೂತಿತು.

“ಬನ್ನಿ ಇಲ್ಲಿ! ಮೊದಲು ಬಗ್ಗಿದ ಹಾಗೇ ಬಗ್ಗಿ. ಉಸಿರು ಬಿಗಿಹಿಡೀರಿ.”

ಅಂಕಿ ಅಲುಗಲಿಲ್ಲ.

“ಈಗ ಬಿಡಿ.”

ಏರಿತು!

“ನಮ್ಮಕ್ಕ ಹೇಳೋದು ನಿಜ. ನಾನು ಸುಮ್ನೆ ನಿಂತ್ರೂ ಕೆಲಸ ಕೆಡುತ್ತಂತೆ!”

ಅವಳು ಕೊಳವೆಯನ್ನು ಬೆರಳಲ್ಲಿ ಸವರುತ್ತ ಹೋದಳು. ಮೀಟರಿಗೆ ಸೇರುವ ಜಾಯಿಂಟ್ ಸಡಿಲವಾಗಿತ್ತು. ಅವನ ಉಸಿರಿನ ಇಂಗಾಲದ ಡೈಆಕ್ಸೈಡ್ ಅಲ್ಲಿಂದಲೇ ಒಳಹೋಗುತ್ತಿತ್ತು. ಜೋಡಿಸಿದವಳು ಅವಳೇ... ಬಿಗಿ ಮಾಡಿದಳು. ಅಂಕಿ ಸೊನ್ನೆಯ ಹತ್ತಿರಕ್ಕೆ ಇಳಿದು ನಿಂತಿತು. ಪುಡಿ ಗೆದ್ದಿತ್ತು!

“ಕ್ಷಮಿಸಿ... ಕಳ್ಳ ಅಂದ್ಬಿಟ್ಟೆ.”

“ಪೂರ್ತಿ ಸುಳ್ಳೇನಲ್ಲ ಬಿಡಿ. ಬಿಸಿನೀರು ನೋಡ್ಬೇಕು ಅಂತ ದಿನಾ ಬರ್ತೀನಲ್ಲ? ಅದು ತನ್ನ ಪಾಡಿಗೆ ತಾನು ಹರಿಯುತ್ತೆ. ನಾನು ಬರೋದೇ ಬೇಡ.”

“ಮತ್ತೆ ಯಾಕೆ ಬರ್ತೀರಿ?”

“ನಿಮ್ಮನ್ನ ನೋಡೋಕೆ.”

ಅವಳ ಕೈಲಿದ್ದ ಸ್ಪ್ಯಾನರ್ ಟಣ್ಣೆಂದು ಬಿತ್ತು. ಇಬ್ಬರೂ ಅದನ್ನು ಎತ್ತಲಿಲ್ಲ.

“ಪರೀಕ್ಷಕರು ಬರೋವರೆಗೂ ಇಲ್ಲೇ ಇರಿ,” ಅವಳು ಸ್ಟೂಲ್ ಎಳೆದು ತನ್ನ ಪಕ್ಕಕ್ಕಿಟ್ಟಳು. “ಆಮೇಲೂ...”

“ಆಮೇಲೂ?”

“ಹ್ಞೂಂ... ಆಮೇಲೂ.”